ಶಾಲೆ ತೆರೆಯಿತು, ಗುರು ಹೊರಗುಳಿದ

1954ರ ಮೇ 17ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಬ್ರೌನ್ ಮೊಕದ್ದಮೆಯಲ್ಲಿ ತೀರ್ಪಿತ್ತು, ಸರ್ಕಾರಿ ಶಾಲೆಗಳಲ್ಲಿ ಮಕ್ಕಳನ್ನು ವರ್ಣಾನುಸಾರ ಬೇರ್ಪಡಿಸುವುದು ಸಂವಿಧಾನಬಾಹಿರವೆಂದು ಸಾರಿತು. ಈ ತೀರ್ಪನ್ನು ಬಲ್ಲವರು ನಮ್ಮಲ್ಲಿಯೂ ಅನೇಕರಿದ್ದಾರೆ. ಆದರೆ ಅದುವರೆಗೆ ಆ ಕಪ್ಪುವರ್ಣೀಯ ಮಕ್ಕಳಿಗೆ ಪಾಠ ಹೇಳುತ್ತಿದ್ದ ಶಿಕ್ಷಕರ ಗತಿ ಏನಾಯಿತೆಂದು ವಿಚಾರಿಸಿದವರು ವಿರಳ.

ಮೊಕದ್ದಮೆ ಹುಟ್ಟಿದ್ದು ಕಾನ್ಸಾಸ್ ರಾಜ್ಯದ ಟೊಪೀಕಾ ನಗರದಲ್ಲಿ. ತೀರ್ಪಿಗೆ ವರ್ಷದ ಮೊದಲೇ, 1953ರ ಮಾರ್ಚಿಯಲ್ಲಿ, ಅಲ್ಲಿಯ ಶಾಲಾಡಳಿತದ ಮುಖ್ಯಾಧಿಕಾರಿಯು ಕಪ್ಪುವರ್ಣೀಯ ಶಿಕ್ಷಕಿಯೊಬ್ಬರಿಗೆ ಪತ್ರ ಬರೆದನು. ಬಿಳಿಯರ ಮಕ್ಕಳಿಗೆ ತಮ್ಮಂಥವರು ಪಾಠ ಹೇಳುವುದನ್ನು ಊರಿನ ಬಹುಜನರು ಒಪ್ಪಲಾರರೆಂದು ಭಾವಿಸಿ, ಮುಂದಿನ ವರ್ಷದ ನೇಮಕದ ಭರವಸೆ ಕೊಡಲಾಗದೆಂಬುದು ಅದರ ಸಾರಾಂಶ. ಭಾಷೆ ಸೌಜನ್ಯದ್ದೇ, ಪರಿಣಾಮ ಮಾತ್ರ ಕ್ರೂರ.

1955ರಲ್ಲಿ ಮಿಸೌರಿ ರಾಜ್ಯದ ಮೋಬರ್ಲಿ ಪಟ್ಟಣದಲ್ಲಿ ಶಾಲೆಗಳು ಒಂದುಗೂಡಿದಾಗ ಹನ್ನೊಂದು ಮಂದಿ ಕಪ್ಪುವರ್ಣೀಯ ಶಿಕ್ಷಕರಲ್ಲಿ ಒಬ್ಬರನ್ನೂ ಉಳಿಸಿಕೊಳ್ಳಲಿಲ್ಲ. ಅವರು ನ್ಯಾಯಾಲಯದ ಮೊರೆಹೊಕ್ಕರು. 1959ರಲ್ಲಿ ಮೇಲ್ಮನವಿಯೂ ತಿರಸ್ಕೃತವಾಯಿತು. ಮಕ್ಕಳಿಗೆ ದೊರೆತ ನ್ಯಾಯ ಗುರುಗಳಿಗೆ ದೊರೆಯಲಿಲ್ಲ. 1965ರ ವೇಳೆಗೆ ಹದಿನೇಳು ರಾಜ್ಯಗಳಲ್ಲಿ ಸುಮಾರು 38,000 ಮಂದಿ ಕಪ್ಪುವರ್ಣೀಯ ಶಿಕ್ಷಕರೂ ಮುಖ್ಯೋಪಾಧ್ಯಾಯರೂ ಕೆಲಸ ಕಳೆದುಕೊಂಡಿದ್ದರೆಂದು ಅಂದಾಜಿದೆ.

ಇವರೇನು ಅಯೋಗ್ಯರೇ? ಇಲ್ಲೊಂದು ವಿಪರ್ಯಾಸವನ್ನು ಹೇಳಲೇಬೇಕು. ತಮ್ಮ ವಿಶ್ವವಿದ್ಯಾಲಯಗಳಿಗೆ ಕಪ್ಪುವರ್ಣೀಯರು ಕಾಲಿಡಬಾರದೆಂದು ದಕ್ಷಿಣದ ಹಲವು ರಾಜ್ಯಗಳು ಅಂಥ ವಿದ್ಯಾರ್ಥಿಗಳಿಗೆ ಹಣಕೊಟ್ಟು ಹೊರರಾಜ್ಯಗಳಿಗೆ ಕಳುಹಿಸುತ್ತಿದ್ದುವು. ಅವರಲ್ಲಿ ಅನೇಕರು ನ್ಯೂಯಾರ್ಕಿನ ಕೊಲಂಬಿಯಾ ಶಿಕ್ಷಕರ ಕಾಲೇಜಿನಂತಹ ಹೆಸರಾಂತ ಸಂಸ್ಥೆಗಳಲ್ಲಿ ಸ್ನಾತಕೋತ್ತರ ಪದವಿ ಪಡೆದು ಮರಳಿದರು. ದ್ವೇಷವೇ ಪಾಂಡಿತ್ಯಕ್ಕೆ ಕಾರಣವಾಯಿತು. ಆ ಪಾಂಡಿತ್ಯವನ್ನೇ ಬಳಿಕ ಹೊರದೂಡಿದರು.

ಇದರ ಫಲವನ್ನು ಆ ದೇಶ ಇಂದಿಗೂ ಉಣ್ಣುತ್ತಿದೆ. 2020ರ ಸುಮಾರಿಗೆ ಅಲ್ಲಿಯ ಸರ್ಕಾರಿ ಶಾಲೆಗಳ ಮಕ್ಕಳಲ್ಲಿ ಕಪ್ಪುವರ್ಣೀಯರು ನೂರಕ್ಕೆ ಸುಮಾರು 15. ಶಿಕ್ಷಕರಲ್ಲಿ ಏಳಕ್ಕಿಂತ ಕಡಿಮೆ. ನೇಮಕಗೊಂಡವರೂ ಬಿಳಿಯ ಸಹೋದ್ಯೋಗಿಗಳಿಗಿಂತ ಹೆಚ್ಚಿನ ಪ್ರಮಾಣದಲ್ಲಿ ವೃತ್ತಿಯನ್ನು ತೊರೆಯುತ್ತಾರೆ. ಆದುದರಿಂದ ಬರಿದೆ ಅರ್ಜಿ ಕರೆದರೆ ಸಾಲದು.

ದಕ್ಷಿಣ ಕೆರೊಲಿನಾದ ಕ್ಲೆಮ್ಸನ್ ವಿಶ್ವವಿದ್ಯಾಲಯದಲ್ಲಿ 2000ದಲ್ಲಿ ಆರಂಭವಾದ 'ಕಾಲ್ ಮಿ ಮಿಸ್ಟರ್' ಎಂಬ ಯೋಜನೆಯನ್ನು ವಿದ್ಯಾದಾನದಲ್ಲಿ ತೊಡಗಿರುವ ನಮ್ಮ ಟ್ರಸ್ಟುಗಳವರು ಗಮನಿಸಬಹುದು. ಬಡ ಕುಟುಂಬಗಳ ತರುಣರನ್ನು, ಮುಖ್ಯವಾಗಿ ಕಪ್ಪುವರ್ಣೀಯ ಯುವಕರನ್ನು, ಪ್ರಾಥಮಿಕ ಶಾಲೆಗಳ ಶಿಕ್ಷಕರನ್ನಾಗಿಸುವುದು ಅದರ ಉದ್ದೇಶ. ಶುಲ್ಕಕ್ಕೆ ನೆರವು, ಓದಿನಲ್ಲಿ ಮಾರ್ಗದರ್ಶನ, ಕಷ್ಟದಲ್ಲಿ ಒಬ್ಬರಿಗೊಬ್ಬರು ಆಸರೆಯಾಗುವಂತೆ ಗುಂಪಾಗಿಯೇ ಕಲಿಯುವ ವ್ಯವಸ್ಥೆ, ಇಷ್ಟೂ ಅಲ್ಲಿದೆ. ಪ್ರತಿಯಾಗಿ, ನೆರವು ಪಡೆದ ಒಂದೊಂದು ವರ್ಷಕ್ಕೆ ಒಂದೊಂದು ವರ್ಷ ಅವರು ಆ ರಾಜ್ಯದ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳಬೇಕು.