ಇಸ್ಪೀಟ್ ಜಾದೂ ಕಲಿಯಬೇಕೇ? ‘ಕೀ ಕಾರ್ಡ್’ ಟ್ರಿಕ್‌ನಿಂದ ಶುರು ಮಾಡಿ

ಎದುರಿಗಿರುವವರು ಇಸ್ಪೀಟ್ ಕಟ್ಟಿನಿಂದ ಒಂದು ಎಲೆ ತೆಗೆದು ನೋಡಿ ನೆನಪಿಟ್ಟುಕೊಳ್ಳುತ್ತಾರೆ. ವಾಪಸ್ ಇಟ್ಟು, ತಾವೇ ಕಟ್ ಮಾಡುತ್ತಾರೆ. ಆದರೂ ಜಾದೂ ಮಾಡುವವರು ಅದೇ ಎಲೆಯನ್ನು ಹುಡುಕಿ ತೋರಿಸುತ್ತಾರೆ. ಇದಕ್ಕೆ ವರ್ಷಗಟ್ಟಲೆ ಕೈಚಳಕದ ಅಭ್ಯಾಸ ಬೇಕಿಲ್ಲ. ಒಂದೇ ಒಂದು ಎಲೆಯನ್ನು ಕದ್ದು ನೋಡಿದ್ದರೆ ಸಾಕು.

ವೇದಿಕೆಯ ಜಾದೂಗೆ ಪೆಟ್ಟಿಗೆ, ಪರದೆ, ಲೈಟು ಎಲ್ಲಾ ಬೇಕು. ಎದುರುಬದುರು ಕುಳಿತು ಮಾಡುವ ‘ಕ್ಲೋಸ್-ಅಪ್’ ಜಾದೂಗೆ 52 ಎಲೆಗಳ ಸಾಮಾನ್ಯ ಕಟ್ಟು ಮತ್ತು ಒಂದು ಮೇಜು ಸಾಕು. ಇದನ್ನು ಕಲಿಯುವವರಿಗೆ ಮೊದಲು ಹೇಳಿಕೊಡುವ ಪಾಠಗಳಲ್ಲಿ ‘ಕೀ ಕಾರ್ಡ್’ ಕೂಡ ಒಂದು.

440 ವರ್ಷ ಹಳೆಯ ಗುಟ್ಟು

ಇಂಗ್ಲೆಂಡಿನ ರೆಜಿನಾಲ್ಡ್ ಸ್ಕಾಟ್ 1584ರಲ್ಲಿ ‘ದಿ ಡಿಸ್ಕವರಿ ಆಫ್ ವಿಚ್‌ಕ್ರಾಫ್ಟ್’ ಎಂಬ ಪುಸ್ತಕ ಪ್ರಕಟಿಸಿದ. ಮಾಟಗಾತಿಯರೆಂಬ ಆರೋಪ ಹೊರಿಸಿ ಜನರನ್ನು ಗಲ್ಲಿಗೇರಿಸುತ್ತಿದ್ದ ಕಾಲವದು. ಜನ ಪವಾಡವೆಂದುಕೊಳ್ಳುವ ಎಷ್ಟೋ ಸಂಗತಿಗಳ ಹಿಂದೆ ಬರೀ ಕೈಚಳಕವಿರುತ್ತದೆ ಎಂದು ತೋರಿಸಲು ಸ್ಕಾಟ್ ಜಾದೂ ತಂತ್ರಗಳನ್ನು ಬಿಡಿಸಿ ಬರೆದ. ಎಲೆಗಳನ್ನು ಕಲೆಸುವಾಗ ಗೊತ್ತಿರುವ ಒಂದು ಎಲೆಯನ್ನು ಕಟ್ಟಿನ ತಳದಲ್ಲೋ, ಗೊತ್ತಿರುವ ಜಾಗದಲ್ಲೋ ಉಳಿಸಿಕೊಳ್ಳುವುದೇ ಮುಖ್ಯ ಎಂಬ ಮಾತು ಅದರಲ್ಲಿದೆ. ಕೀ ಕಾರ್ಡ್ ನಿಂತಿರುವುದೂ ಇದೇ ತತ್ವದ ಮೇಲೆ.

ಮಾಡುವ ವಿಧಾನ

1. ಎದುರಿಗಿರುವವರಿಗೆ ಕಟ್ಟು ಕೊಟ್ಟು ಚೆನ್ನಾಗಿ ಕಲೆಸಲು ಹೇಳಿ. ಕಟ್ಟಿನಲ್ಲಿ ಮೋಸವಿಲ್ಲ ಎಂದು ಅವರಿಗೆ ಇಲ್ಲೇ ಖಾತ್ರಿಯಾಗುತ್ತದೆ.

2. ಕಟ್ಟು ವಾಪಸ್ ಪಡೆದು, ಅಂಚನ್ನು ಮೇಜಿಗೆ ತಟ್ಟಿ ಸರಿಪಡಿಸುವಾಗ ತಳದ ಎಲೆಯನ್ನು ಒಮ್ಮೆ ನೋಡಿಕೊಳ್ಳಿ. ಅದು ಕಳಾವರ್ 7 ಎಂದಿಟ್ಟುಕೊಳ್ಳಿ. ಇದೇ ನಿಮ್ಮ ಕೀ ಕಾರ್ಡ್.

3. ಎಲೆಗಳ ಬೆನ್ನು ಮೇಲೆ ಮಾಡಿ ಹರಡಿ, ಒಂದನ್ನು ತೆಗೆಯಲು ಹೇಳಿ. ತಳದ ಎಲೆ ಮಾತ್ರ ಅವರ ಕೈಗೆ ಸಿಗಬಾರದು. ಅವರು ಆಟಿನ್ ರಾಣಿ ತೆಗೆದರು ಎನ್ನೋಣ.

4. ಕಟ್ಟನ್ನು ಮೇಜಿನ ಮೇಲಿಟ್ಟು, ಅವರ ಎಲೆಯನ್ನು ಎಲ್ಲಕ್ಕಿಂತ ಮೇಲೆ ಇಡಿಸಿ. ‘ಅರ್ಧ ಎತ್ತಿ ಪಕ್ಕಕ್ಕಿಡಿ, ಉಳಿದದ್ದನ್ನು ಅದರ ಮೇಲಿಡಿ’ ಎನ್ನಿ. ಈಗ ತಳದಲ್ಲಿದ್ದ ಕಳಾವರ್ 7 ನೇರವಾಗಿ ಆಟಿನ್ ರಾಣಿಯ ಮೇಲೆ ಬಂದು ಕೂತಿರುತ್ತದೆ.

5. ಹೀಗೇ ಇನ್ನೂ ಒಂದೆರಡು ಬಾರಿ ಕಟ್ ಮಾಡಿಸಿ. ಕಟ್ಟನ್ನು ಎತ್ತಿಕೊಳ್ಳುವಾಗ ತಳದಲ್ಲಿ ಕಳಾವರ್ 7 ಕಂಡರೆ ನೀವೇ ಮತ್ತೊಮ್ಮೆ ಕಟ್ ಮಾಡಿಬಿಡಿ.

6. ಮೇಲಿನಿಂದ ಒಂದೊಂದೇ ಎಲೆ ತಿರುವಿ ಮೇಜಿನ ಮೇಲೆ ಹಾಕುತ್ತಾ ಹೋಗಿ. ಕಳಾವರ್ 7 ಬಂದ ತಕ್ಷಣದ ಎಲೆಯೇ ಅವರದು.

ಕಟ್ ಮಾಡಿದರೂ ತಪ್ಪುವುದಿಲ್ಲ ಏಕೆ?

ಎಷ್ಟು ಬಾರಿ ಕಟ್ ಮಾಡಿದರೂ ಎಲೆಗಳ ಸರದಿ ಬದಲಾಗುವುದಿಲ್ಲ, ಆರಂಭದ ಜಾಗ ಮಾತ್ರ ಬದಲಾಗುತ್ತದೆ. ಹೂವಿನ ಹಾರವನ್ನು ಎಲ್ಲಿ ಹಿಡಿದು ಎತ್ತಿದರೂ ಅಕ್ಕಪಕ್ಕದ ಹೂವುಗಳು ಅಕ್ಕಪಕ್ಕದಲ್ಲೇ ಇರುವಂತೆ, ಜೊತೆಯಾದ ಎರಡು ಎಲೆಗಳು ಜೊತೆಯಲ್ಲೇ ಇರುತ್ತವೆ. ಸರಿಯಾಗಿ ಅವೆರಡರ ನಡುವೆಯೇ ಕಟ್ ಆದರೆ ಒಂದು ತಳಕ್ಕೆ, ಇನ್ನೊಂದು ಮೇಲಕ್ಕೆ ಹೋಗುತ್ತದೆ. ಐದನೇ ಹಂತದಲ್ಲಿ ತಳ ನೋಡುವುದು ಇದಕ್ಕಾಗಿಯೇ. ಮತ್ತೊಮ್ಮೆ ಕಟ್ ಮಾಡಿದರೆ ಅವು ಪುನಃ ಒಂದಾಗುತ್ತವೆ.

ಕಲೆಸಿದರೆ ಮಾತ್ರ ಈ ಜೋಡಿ ಒಡೆದುಹೋಗಬಹುದು. ಹಾಗಾಗಿ ಎಲೆ ವಾಪಸ್ ಬಂದ ಮೇಲೆ ಕಟ್ಟನ್ನು ಅವರ ಕೈಗೆ ಕೊಡಬೇಡಿ, ಮೇಜಿನ ಮೇಲೆಯೇ ಇರಲಿ. ಅಷ್ಟಾದರೂ ಯಾರಾದರೂ ಕಲೆಸಿಬಿಟ್ಟರೆ ‘ಸರಿ, ಈಗ ಹೊಸದಾಗಿ ಒಂದು ಎಲೆ ತೆಗೆಯಿರಿ’ ಎಂದು ಮೊದಲಿನಿಂದ ಶುರು ಮಾಡಿ.

ಕೊನೆಯ ತಿರುವು

ಕಳಾವರ್ 7 ಕಂಡೊಡನೆ ನಿಂತುಬಿಟ್ಟರೆ ಚುರುಕು ಕಣ್ಣಿನವರು ಗುಟ್ಟು ಹಿಡಿಯುತ್ತಾರೆ. ‘ಸರ್ಕಸ್ ಕಾರ್ಡ್ ಟ್ರಿಕ್’ ಎಂಬ ಹಳೆಯ ಉಪಾಯ ಇಲ್ಲಿ ನೆರವಾಗುತ್ತದೆ. ಆಟಿನ್ ರಾಣಿ ಬಂದರೂ ನಿಲ್ಲಿಸದೆ ಇನ್ನೂ ನಾಲ್ಕೈದು ಎಲೆ ಹಾಕಿ. ರಾಣಿಯ ಒಂದು ಮೂಲೆ ಕಾಣುವಂತಿರಲಿ. ಎದುರಿಗಿರುವವರು ‘ಸೋತರು’ ಎಂದು ಒಳಗೊಳಗೇ ನಗುತ್ತಿರುತ್ತಾರೆ. ಆಗ ಕಟ್ಟಿನ ಮೇಲಿನ ಎಲೆಗೆ ಬೆರಳು ತಾಗಿಸಿ, ‘ನಾನು ಈಗ ತಿರುಗಿಸುವ ಎಲೆಯೇ ನಿಮ್ಮದು’ ಎನ್ನಿ. ಅವರು ‘ಸಾಧ್ಯವೇ ಇಲ್ಲ’ ಎನ್ನುತ್ತಿರುವಾಗ, ಮೇಜಿನ ಮೇಲಿರುವ ರಾಣಿಯನ್ನು ಎಳೆದು ಮಗುಚಿ ಹಾಕಿ.

ಹೊಸಬರು ಎಡವುವುದೆಲ್ಲಿ?

ಗುಟ್ಟು ಕಲಿಯಲು ಐದು ನಿಮಿಷ ಸಾಕು. ಅದನ್ನು ಮುಚ್ಚಿಡಲು ಅಭ್ಯಾಸ ಬೇಕು.

* ತಳದ ಎಲೆಯನ್ನು ದಿಟ್ಟಿಸಿ ನೋಡುವುದು ದೊಡ್ಡ ತಪ್ಪು. ಒಂದು ಕ್ಷಣ ಕಣ್ಣಾಡಿಸಿ, ತಕ್ಷಣ ತಲೆಯೆತ್ತಿ ಅವರನ್ನು ಮಾತನಾಡಿಸಿ. ಪ್ರಶ್ನೆ ಕೇಳಿದಾಗ ಜನ ಕೈ ಬಿಟ್ಟು ಮುಖ ನೋಡುತ್ತಾರೆ.
* ಕೀ ಕಾರ್ಡ್ ಬಂದಾಗ ಕೈ ನಿಧಾನವಾಗಬಾರದು. 52 ಎಲೆಗಳೂ ಒಂದೇ ವೇಗದಲ್ಲಿ ಬೀಳಲಿ.
* ಮಾತಿನ ಭರದಲ್ಲಿ ಕೀ ಕಾರ್ಡ್ ಮರೆತುಹೋಗುವುದುಂಟು. ಮನಸ್ಸಿನಲ್ಲೇ ಎರಡು ಮೂರು ಬಾರಿ ಹೇಳಿಕೊಳ್ಳಿ.
* ‘ಇನ್ನೊಮ್ಮೆ ಮಾಡಿ’ ಎಂದರೆ ಒಪ್ಪಬೇಡಿ. ಎರಡನೇ ಬಾರಿ ಎಲ್ಲಿ ನೋಡಬೇಕೆಂದು ಅವರಿಗೆ ಗೊತ್ತಿರುತ್ತದೆ.

ಎದುರಿಗೆ ಕುಳಿತವರ ಕಣ್ಣಿನ ಮಟ್ಟದಲ್ಲಿ ಮೊಬೈಲ್ ಇಟ್ಟು ವಿಡಿಯೊ ಮಾಡಿಕೊಂಡರೆ ಕನ್ನಡಿಯಲ್ಲಿ ಕಾಣದ ತಪ್ಪುಗಳೂ ಕಾಣುತ್ತವೆ.

ದುಡ್ಡು ಕಟ್ಟಿಸಬೇಡಿ

‘ಮುಂದೆ ತಿರುಗಿಸುವ ಎಲೆ ನಿಮ್ಮದೇ, ಬೆಟ್ ಕಟ್ಟುತ್ತೀರಾ?’ ಎಂದು ಕೇಳಿದರೆ ಅಲ್ಲಿಗೆ ಅದು ಜಾದೂ ಅಲ್ಲ, ವಂಚನೆ. ಫುಟ್‌ಪಾತ್‌ನಲ್ಲಿ ಮೂರು ಎಲೆ ಹರಡಿ ‘ರಾಣಿ ಎಲ್ಲಿದೆ ಹೇಳಿ’ ಎನ್ನುವವರು ನಡೆಸುವುದೂ ಇದೇ ವ್ಯವಹಾರವನ್ನು. ಗೆದ್ದೆನೆಂದು ಎದುರಿಗೇ ಹಣ ಎಣಿಸಿಕೊಳ್ಳುವವನು ಸಾಮಾನ್ಯವಾಗಿ ಅದೇ ಗುಂಪಿನವನಾಗಿರುತ್ತಾನೆ.

ಜಾದೂ ನೋಡುವವರು ಮೋಸಹೋಗಲು ಒಪ್ಪಿಯೇ ಕೂತಿರುತ್ತಾರೆ, ಅವರು ಕಳೆದುಕೊಳ್ಳುವುದು ಏನೂ ಇಲ್ಲ. ಕಣ್ಣೆದುರೇ ಎಷ್ಟು ಸುಲಭವಾಗಿ ಮೋಸ ಮಾಡಬಹುದು ಎಂಬುದು ಈ ಟ್ರಿಕ್ ಕಲಿತವರಿಗೆ ಗೊತ್ತಾಗಿರುತ್ತದೆ. ರಸ್ತೆಬದಿಯ ಮೂರೆಲೆ ಆಟದ ಮುಂದೆ ಜೇಬಿಗೆ ಕೈ ಹಾಕದಿರಲು ಅಷ್ಟು ತಿಳಿವಳಿಕೆ ಸಾಕು.