ಕ್ಯಾಡ್ ವಿನ್ಯಾಸದಲ್ಲಿ ಬಿಡಿಭಾಗ ಸಂಖ್ಯೆ

ಬಿಡಿಭಾಗ ಸಂಖ್ಯೆ ಎಂಬುದು ಗಣಕದ ನೆರವಿನಿಂದ ಮಾಡುವ ಕ್ಯಾಡ್ ವಿನ್ಯಾಸದಲ್ಲಿ ಪ್ರತಿಯೊಂದು ಬಿಡಿಭಾಗಕ್ಕೂ ನೀಡಲಾಗುವ, ಮತ್ತೊಂದಕ್ಕೆ ಇರದ ಗುರುತು. ಹಲವರು ಕೂಡಿ ಒಂದು ಯಂತ್ರವನ್ನು ರೂಪಿಸುವಾಗ ಇಬ್ಬರು ತಮ್ಮ ಕಡತಗಳಿಗೆ ‘ಬ್ರಾಕೆಟ್’ ಎಂದೇ ಹೆಸರಿಡುವುದುಂಟು. ಒಂದೇ ತರಗತಿಯಲ್ಲಿ ಇಬ್ಬರು ಮಂಜುನಾಥರಿದ್ದಂತೆ. ಸಾಲಿಡ್‌ವರ್ಕ್ಸ್ ತಂತ್ರಾಂಶದಲ್ಲಿ ಜೋಡಣೆಯ ಕಡತವು ಬಿಡಿಭಾಗಗಳನ್ನು ಸಾಮಾನ್ಯವಾಗಿ ಕಡತದ ಹೆಸರು ಮತ್ತು ಸ್ಥಳದ ಮೂಲಕ ಉಲ್ಲೇಖಿಸುತ್ತದೆ. ಅದೇ ಹೆಸರಿನ ಬೇರೊಂದು ಕಡತವು ಆಗಲೇ ತೆರೆದಿದ್ದರೆ ಅದನ್ನೇ ಸೇರಿಸಿಕೊಳ್ಳಬಹುದು. ಆಕಾರಗಳು ಹೋಲುತ್ತಿದ್ದರೆ ಈ ತಪ್ಪು ಲೋಹವನ್ನು ಕತ್ತರಿಸಿದ ಮೇಲಷ್ಟೇ ತಿಳಿಯಬಹುದು. ಇದಕ್ಕೆ ವಿರುದ್ಧವಾಗಿ, ಒಂದೇ ಬೋಲ್ಟ್‌ಗೆ ಎರಡು ಸಂಖ್ಯೆಗಳು ಬಿದ್ದರೆ ಉಗ್ರಾಣದಲ್ಲಿ ಅದು ಎರಡು ಸರಕಾಗುತ್ತದೆ. ಆದುದರಿಂದ ಸಂಖ್ಯೆಯನ್ನು ಎಲ್ಲರಿಗೂ ಸಮಾನವಾದ ಒಂದೇ ದತ್ತಸಂಚಯದಿಂದ ಪಡೆಯುವುದು ಕ್ಷೇಮ. ತಿದ್ದಿದ ಭಾಗವನ್ನು ಹಳೆಯದಕ್ಕೆ ಬದಲಿಯಾಗಿ ಬಳಸಬಹುದಾದರೆ ಪರಿಷ್ಕರಣೆಯ ಅಕ್ಷರವನ್ನಷ್ಟೇ ಬದಲಿಸುವುದು, ಇಲ್ಲವಾದರೆ ಹೊಸ ಸಂಖ್ಯೆಯನ್ನೇ ಕೊಡುವುದು ರೂಢಿ.