ನೆಲದೊಳಗಣ ಕಾಯಕ: ಮನೆ ಕಟ್ಟುವ ಮುನ್ನ ಮಾಡಬೇಕಾದ ಒಂದು ಶೋಧ

ಹಳೆಯ ಮೈಸೂರು ಸೀಮೆಯಲ್ಲಿ ಹೊಸಹಳ್ಳಿ ಎಂಬ ಹೆಸರಿನ ಊರುಗಳು ಹೇರಳವಾಗಿವೆ. ಹುಣಸೂರು ತಾಲೂಕಿನಲ್ಲಿ ನಾಗರಹೊಳೆ ಅರಣ್ಯದ ಹೆಬ್ಬಾಗಿಲಿನಂತಿರುವ ವೀರನಹೊಸಹಳ್ಳಿಯೂ ಅವುಗಳಲ್ಲೊಂದು. ದಸರೆಯ ಆನೆಗಳು ಮೈಸೂರಿಗೆ ಹೊರಡುವ ಗಜಪಯಣದಿಂದಾಗಿ ಈ ಊರಿನ ಹೆಸರು ನಾಡಿಗೆಲ್ಲ ಪರಿಚಿತವಾಗಿದೆ. ಊರೊಂದಕ್ಕೆ 'ಹೊಸ' ಎಂಬ ವಿಶೇಷಣ ಸೇರಿತೆಂದರೆ ಅದರ ಹಿಂದೆ 'ಹಳೆಯ'ದೊಂದು ಇದ್ದಿರಬೇಕೆಂದು ಊಹಿಸುವುದು ಸಹಜವಾಗಿದೆ. ಬರ, ಬೇನೆ, ದಂಡಿನ ಹಾವಳಿ ಮೊದಲಾದ ಕಾರಣಗಳಿಂದ ಜನರು ಊರು ತೊರೆದು ಬೇರೊಂದೆಡೆ ನೆಲಸುತ್ತಿದ್ದರು. ಬಿಟ್ಟುಬಂದ ಊರು ಕಾಲಕ್ರಮದಲ್ಲಿ ಹೊಲವಾಗುತ್ತಿತ್ತು, ಇಲ್ಲವೆ ಕಾಡಾಗುತ್ತಿತ್ತು. ನಮ್ಮ ಕಂದಾಯದ ಲೆಕ್ಕದಲ್ಲಿ ಇಂತಹ ನಿರ್ಜನ ಗ್ರಾಮಗಳಿಗೆ 'ಬೇಚಿರಾಕ್' ಎಂಬ ಹೆಸರುಂಟು. ಅದು ಪಾರಸಿ ಮೂಲದ ಮಾತು. ದೀಪವಿಲ್ಲದ್ದು ಎಂಬುದು ಅದರ ಅರ್ಥ. ಹೆಸರೇನೋ ದಫ್ತರದಲ್ಲಿ ಉಳಿಯಿತು, ದೀಪ ಮಾತ್ರ ಆರಿಹೋಯಿತು.

ಇಂದು ಇಂತಹ ನೆಲಗಳ ಮೇಲೆ ಮತ್ತೆ ದೀಪ ಹಚ್ಚುವ ಕಾಲ ಬಂದಿದೆ. ಪಟ್ಟಣಗಳ ಸುತ್ತ ಬಡಾವಣೆಗಳು ಬೆಳೆಯುತ್ತಿವೆ. ಗ್ರಾಮಗ್ರಾಮಗಳಲ್ಲಿ ನಿವೇಶನಗಳು ಹಂಚಿಕೆಯಾಗುತ್ತಿವೆ. ವೀರನಹೊಸಹಳ್ಳಿಯ ಸಮೀಪದ ನಾಗಾಪುರದಲ್ಲಿ, ನಾಗರಹೊಳೆಯ ಕಾಡಿನಿಂದ ಹೊರಬಂದ ಗಿರಿಜನ ಕುಟುಂಬಗಳಿಗಾಗಿ ಮನೆಗಳು ಎದ್ದಿವೆ. ಬಾಳುವವರಿಗೆ ಮನೆ ಬೇಕು, ಇದರಲ್ಲಿ ಎರಡು ಮಾತಿಲ್ಲ. ಆದರೆ ಅಡಿಪಾಯದ ಗುದ್ದಲಿ ಬೀಳುವ ಮೊದಲು ಆ ನೆಲದಲ್ಲಿ ಹಿಂದೆ ಬಾಳಿದವರು ಯಾರು ಎಂದು ಒಮ್ಮೆ ಕೇಳುವ ಪದ್ಧತಿ ನಮ್ಮಲ್ಲಿ ಇನ್ನೂ ಬೇರೂರಿಲ್ಲ. ಆ ಪ್ರಶ್ನೆಯನ್ನು ಕೇಳುವ ಕ್ರಮಬದ್ಧವಾದ ವಿಧಾನವೇ ಪರೀಕ್ಷಾರ್ಥ ಉತ್ಖನನ. ಅದರ ವಿಷಯವಾಗಿ ನಾಲ್ಕು ಮಾತುಗಳನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲಿಗೆ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಸುಮಾರು ಮೂವತ್ತೈದು ವರ್ಷಗಳ ಹಿಂದೆ ಕಾಡಂಚಿನ ಒಂದು ಊರಿನ ಶಾಲೆಯಲ್ಲಿ ನಾನು ಕಿರಿಯ ಉಪಾಧ್ಯಾಯನಾಗಿದ್ದೆ. ಶಾಲೆಗೆ ಎರಡು ಕೊಠಡಿಗಳನ್ನು ಕಟ್ಟಲು ಪಾಯ ತೆಗೆಯುತ್ತಿದ್ದರು. ಎದೆಮಟ್ಟದ ಆಳದಲ್ಲಿ ಬೂದಿಬಣ್ಣದ ಮಣ್ಣು ಕಾಣಿಸಿತು. ಅದರೊಡನೆ ರಾಶಿ ರಾಶಿ ಬೋಕಿಗಳು ಬಂದವು. ಒಳಗೆ ಕಪ್ಪು, ಹೊರಗೆ ಕೆಂಪು, ಕೈಗೆ ನುಣುಪು. ನಾಲ್ಕನೆಯ ತರಗತಿಯ ಹುಡುಗನೊಬ್ಬ ಒಂದು ಚೂರನ್ನು ತಂದು, "ಸಾ, ಈ ಮಡಕೆ ಯಾರದು?" ಎಂದು ಕೇಳಿದ. "ಯಾವುದೋ ಹಳೇ ಕಾಲದ್ದು, ಎಸೆದುಬಿಡಪ್ಪ" ಎಂದೆ. ಕೆಲಸ ನಿಂತರೆ ಮಂಜೂರಾದ ಹಣ ಹಿಂದಕ್ಕೆ ಹೋದೀತೆಂಬ ಭಯ ಊರವರಿಗಿತ್ತು, ನನಗೂ ಇತ್ತು. ಬೋಕಿಗಳನ್ನೆಲ್ಲ ರಸ್ತೆಯ ಹಳ್ಳಕ್ಕೆ ತುಂಬಿದೆವು. ಅಂದು ಸಂಜೆ ನಾನು ಮಕ್ಕಳಿಗೆ ಕುಂಬಾರ ಗುಂಡಯ್ಯನ ಕಥೆಯನ್ನು ಹೇಳಿದ್ದೆನೆಂಬುದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ಕುಂಬಾರನ ಕಾಯಕವನ್ನು ಬಾಯಿಂದ ಕೊಂಡಾಡಿದವನು ಅದೇ ಕಾಯಕದ ಸಾಕ್ಷಿಯನ್ನು ಕೈಯಾರೆ ಹಳ್ಳಕ್ಕೆ ಸುರಿದಿದ್ದೆ.

ಆ ಹುಡುಗನ ಪ್ರಶ್ನೆಗೆ ಶಾಸನಗಳಲ್ಲಿ ಉತ್ತರ ದೊರೆಯುವುದು ವಿರಳ. ಬಿ. ಎಲ್. ರೈಸ್ ಅವರು 1898ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಹುಣಸೂರು, ಹೆಗ್ಗಡದೇವನಕೋಟೆ, ಎಡತೊರೆ ತಾಲೂಕುಗಳ ಶಾಸನಗಳು ಅಚ್ಚಾಗಿವೆ. ಅದು ಅಮೂಲ್ಯವಾದ ಸಂಗ್ರಹ. ಆದರೆ ಕಲ್ಲು ಸಾಮಾನ್ಯವಾಗಿ ಹೇಳುವುದು ದಾನ ಕೊಟ್ಟವನ, ಕಾದಿ ಮಡಿದವನ, ಆಳಿದವನ ಹೆಸರನ್ನು. ಸ್ವತಃ ಬಸವಣ್ಣನವರ ವಿಷಯದಲ್ಲಿಯೂ ನಾವು ಹೆಚ್ಚಾಗಿ ಆಶ್ರಯಿಸುವುದು ಅವರಿಗಿಂತ ಸುಮಾರು ಒಂದು ಶತಮಾನ ಈಚಿನ, 1260ರ ಅರ್ಜುನವಾಡದ ಶಾಸನವನ್ನು. ಬಾಗೇವಾಡಿಯ ಮಾದಿರಾಜನ ಮಗನಾದ ಬಸವರಾಜನನ್ನು ಹೆಸರಿಸುವ ಆ ಕಲ್ಲು ಯಾರದೋ ಮನೆಯ ಹೊಸ್ತಿಲಾಗಿ ಹೋಗಿದ್ದರೆ ನಮಗಾಗುತ್ತಿದ್ದ ನಷ್ಟವನ್ನು ಓದುಗರೇ ಊಹಿಸಬಹುದು. ಬಸವಣ್ಣನವರ ಸ್ಥಿತಿಯೇ ಹೀಗಿರುವಾಗ ದೋಣಿ ನಡೆಸಿದವರು, ಹಗ್ಗ ಹೊಸೆದವರು, ಮಡಕೆ ಮಾಡಿದವರು, ನೂಲು ತೆಗೆದವರು ಕಲ್ಲಿನ ಮೇಲೆ ಎಲ್ಲಿ ದೊರೆಯಬೇಕು? ಅವರ ಶಾಸನವಿರುವುದು ಮಣ್ಣಿನಲ್ಲಿ. ಒಲೆಯ ಬೂದಿ, ಒಡೆದ ಗಡಿಗೆ, ಕಬ್ಬಿಣದ ಕಿಟ್ಟ, ನೂಲುವ ಕದಿರಿಗೆ ಸಿಕ್ಕಿಸುತ್ತಿದ್ದ ಮಣ್ಣಿನ ಬಿಲ್ಲೆ, ಸುಟ್ಟ ಕಾಳು ಇವೇ ಅದರ ಅಕ್ಷರಗಳು.

ಈ ಅಕ್ಷರಗಳಿಗೆ ಒಂದು ವಿಶೇಷವಿದೆ: ಇದ್ದ ಸ್ಥಳದಲ್ಲಿ, ಇದ್ದ ಕ್ರಮದಲ್ಲಿ ಇದ್ದರೆ ಮಾತ್ರ ಅವು ಓದಲು ಬರುತ್ತವೆ. ತಾಳೆಗರಿಯ ಕಟ್ಟಿನ ದಾರ ಹರಿದು ಗರಿಗಳು ಕಲಸಿಹೋದರೆ ಅಕ್ಷರ ಉಳಿದರೂ ಗ್ರಂಥ ಕೆಡುವುದಲ್ಲವೆ? ಮಣ್ಣಿನ ಪದರಗಳೂ ಹಾಗೆಯೇ. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದರು. ಅಶೋಕನ ಶಾಸನವಿರುವ ಆ ನೆಲೆಯಲ್ಲಿ ಅದಕ್ಕೂ ಮೊದಲು ಮೈಸೂರಿನ ಡಾ. ಎಂ. ಎಚ್. ಕೃಷ್ಣ ಅವರು ಅಗೆತ ಮಾಡಿಸಿದ್ದರು. ಕೆಳಗಡೆ ಕಲ್ಲುಕೊಡಲಿಯ ಜನ, ಅವರ ಮೇಲೆ ಕಬ್ಬಿಣವನ್ನು ಬಳಸಿ ಬೃಹತ್ ಶಿಲಾಗೋರಿಗಳನ್ನು ಕಟ್ಟಿದ ಜನ, ಅದಕ್ಕೂ ಮೇಲೆ ಶಾತವಾಹನರ ಕಾಲದ ಜನ ಎಂಬ ಅನುಕ್ರಮವನ್ನು ವೀಲರ್ ಪದರಪದರವಾಗಿ ತೋರಿಸಿದರು. ಅವರು ನೆಚ್ಚಿದ್ದು ಸಾಮಾನ್ಯ ಬೋಕಿಗಳನ್ನು. ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ 1945ರಲ್ಲಿ ತಾವೇ ಅಗೆದಾಗ ರೋಮ್ ದೇಶದ ಸರಕುಗಳೊಡನೆ ಸಿಕ್ಕಿದ್ದ ಒಂದು ಬಗೆಯ ರೇಖಾಲಂಕೃತ ಪಾತ್ರೆಯ ಚೂರುಗಳು ಬ್ರಹ್ಮಗಿರಿಯ ಮೇಲಿನ ಪದರದಲ್ಲಿಯೂ ಕಂಡುಬಂದುದರಿಂದ ಆ ಪದರದ ಕಾಲ ಸಿದ್ಧವಾಯಿತು. ಮುಂದೆ ಇತರ ಪರೀಕ್ಷೆಗಳಿಂದ ವರ್ಷದ ಅಂಕಿಗಳು ಹಿಂದೆಮುಂದೆ ಆದರೂ ಅವರು ಹಾಕಿಕೊಟ್ಟ ಮಾರ್ಗ ಉಳಿಯಿತು. ಅದೇ ಚೂರುಗಳನ್ನು ಬುಟ್ಟಿಯಲ್ಲಿ ತುಂಬಿ ತಂದು ಸುರಿದಿದ್ದರೆ ಅವು ಏನನ್ನೂ ಹೇಳುತ್ತಿರಲಿಲ್ಲ.

ಪರೀಕ್ಷಾರ್ಥ ಉತ್ಖನನವೆಂದರೆ ಇಡೀ ನೆಲವನ್ನು ಅಗೆಯುವುದೆಂದು ಹಲವರು ತಿಳಿದಿದ್ದಾರೆ, ಅದು ಹಾಗಲ್ಲ. ಮೊದಲು ಹೊಲದ ಮೇಲೆ ನಡೆದಾಡಿ, ಉತ್ತ ಸಾಲುಗಳಲ್ಲಿ ಕಾಣುವ ಬೋಕಿ ಇಟ್ಟಿಗೆಗಳನ್ನು ಗುರುತಿಸುತ್ತಾರೆ. ಹಾಳೂರು, ಹಳೇಕೋಟೆ, ಬೂದಿತಿಟ್ಟು ಎಂಬಂತಹ ಹೊಲದ ಹೆಸರುಗಳನ್ನು ಊರ ಹಿರಿಯರಿಂದ ಕೇಳಿ ಬರೆದುಕೊಳ್ಳುತ್ತಾರೆ. ಬಳಿಕ ನಿವೇಶನವನ್ನು ಹಗ್ಗದಿಂದ ಚೌಕಗಳಾಗಿ ವಿಂಗಡಿಸಿ, ಆಯ್ದ ಕೆಲವು ಕಡೆ ಮಾತ್ರ ಕಿರಿದಾದ ಗುಂಡಿಗಳನ್ನೋ ಉದ್ದನೆಯ ಕಂದಕಗಳನ್ನೋ ತೆಗೆಯುತ್ತಾರೆ. ಮಣ್ಣಿನ ಬಣ್ಣ ಬದಲಾದಲ್ಲಿ ಗುದ್ದಲಿಯನ್ನು ಬದಿಗಿರಿಸಿ ಕರಣೆಯನ್ನೂ ಕುಂಚವನ್ನೂ ಹಿಡಿಯುತ್ತಾರೆ. ತೆಗೆದ ಮಣ್ಣನ್ನು ಜರಡಿ ಹಿಡಿಯುತ್ತಾರೆ. ಗುಂಡಿಯ ಗೋಡೆಯನ್ನು ನೆಟ್ಟಗೆ ಕೊರೆದು ಅದರ ಪದರಗಳ ನಕ್ಷೆಯನ್ನು ಅಳತೆಗೆ ಸರಿಯಾಗಿ ಬರೆದುಕೊಳ್ಳುತ್ತಾರೆ. ಮನುಷ್ಯನ ಕೈ ಮುಟ್ಟದ ಮೂಲನೆಲ ಸಿಕ್ಕಿದಾಗ ಅಗೆತ ನಿಲ್ಲುತ್ತದೆ. ಏನೂ ಕಾಣದಿದ್ದರೆ ಗುಂಡಿಯನ್ನು ಮುಚ್ಚಿ, ಮನೆ ಕಟ್ಟಿಕೊಳ್ಳಿರೆಂದು ಹೇಳುವುದು. ಕಂಡರೆ, ಮನೆಯನ್ನು ನಾಲ್ಕು ಮಾರು ಸರಿಸುವುದೋ, ಪೂರ್ಣ ಉತ್ಖನನ ಮಾಡಿ ದಾಖಲಿಸಿಕೊಂಡ ಮೇಲೆ ನೆಲವನ್ನು ಬಿಟ್ಟುಕೊಡುವುದೋ ಎಂದು ಆಲೋಚಿಸುವುದು.

ಈ ಕೆಲಸವನ್ನು ಮೊದಲು ಮಾಡದೆ ಆಮೇಲೆ ಮಾಡಿದರೆ ಏನಾಗುವುದೆಂಬುದಕ್ಕೆ ಈಚಿನ ಉದಾಹರಣೆ ಗದಗ ಜಿಲ್ಲೆಯ ಲಕ್ಕುಂಡಿ. ಪ್ರಾಚೀನರ ಲೊಕ್ಕಿಗುಂಡಿಯಾದ ಈ ಊರು ಕವಿ ರನ್ನನ ಆಶ್ರಯದಾತೆ ಅತ್ತಿಮಬ್ಬೆ ಬಸದಿಯನ್ನು ಕಟ್ಟಿಸಿದ ಸ್ಥಳ. ನಾಣ್ಯಗಳ ಟಂಕಸಾಲೆಯಿದ್ದ ಪಟ್ಟಣ. ಹೊಯ್ಸಳ ಇಮ್ಮಡಿ ಬಲ್ಲಾಳನ ನೆಲೆವೀಡು. ನಮ್ಮ ಪರಂಪರೆಯಂತೆ ಶರಣ ಅಜಗಣ್ಣ ಮತ್ತು ಆತನ ತಂಗಿ ಮುಕ್ತಾಯಕ್ಕ ಇದೇ ಊರಿನವರು. ಅಣ್ಣನ ಅಗಲಿಕೆಯಿಂದ ಬೆಂದ ಮುಕ್ತಾಯಕ್ಕನಿಗೂ ಅಲ್ಲಮಪ್ರಭುವಿಗೂ ನಡೆದ ಸಂವಾದ ಶೂನ್ಯಸಂಪಾದನೆಯನ್ನು ಓದಿದವರಿಗೆಲ್ಲ ವಿದಿತವೇ ಆಗಿದೆ. ಅಲ್ಲಿ 2026ರ ಜನವರಿಯಲ್ಲಿ ಒಂದು ಕುಟುಂಬದವರು ಮನೆಗಾಗಿ ಪಾಯ ಅಗೆಯುತ್ತಿದ್ದಾಗ ತಾಮ್ರದ ಚಿಕ್ಕ ಪಾತ್ರೆಯೊಂದರಲ್ಲಿ ಚಿನ್ನದ ಆಭರಣಗಳು ದೊರೆತವು. ಅವರು ಬಚ್ಚಿಡದೆ ಸರ್ಕಾರಕ್ಕೆ ಒಪ್ಪಿಸಿದರು. ನಾಡು ಅವರ ಪ್ರಾಮಾಣಿಕತೆಯನ್ನು ಕೊಂಡಾಡಿತು. ಅದೇ ತಿಂಗಳು ಅಲ್ಲಿನ ಕೋಟೆ ವೀರಭದ್ರೇಶ್ವರ ದೇವಾಲಯದ ಆವರಣದಲ್ಲಿ ರಾಜ್ಯದ ಪುರಾತತ್ವ ಇಲಾಖೆಯ ಉತ್ಖನನ ಆರಂಭವಾಯಿತು.

ಅಜಗಣ್ಣನು ಗುಪ್ತಭಕ್ತಿಯ ಶರಣ. ತನ್ನ ಲಿಂಗನಿಷ್ಠೆಯನ್ನು ಲೋಕಕ್ಕೆ ತೋರದೆ ಬಾಳಿದವನು. ಆತನ ಊರಿನ ನೆಲವೂ ತನ್ನೊಳಗಣದನ್ನು ಗುಪ್ತವಾಗಿಯೇ ಇಟ್ಟುಕೊಂಡಿತ್ತು. ಆದರೆ ಹೊರಬಂದ ಚಿನ್ನವನ್ನು ನೋಡಲು ಜನ ಮುಗಿಬಿದ್ದಂತೆ, ಅದು ಯಾವ ಪದರದಲ್ಲಿತ್ತು, ಪಕ್ಕದಲ್ಲಿ ಎಂತಹ ಬೋಕಿಗಳಿದ್ದವು, ಮನೆಯ ನೆಲದ ಕೆಳಗೆ ಹೂಳಿದ್ದೋ, ಹಾಳುಬಿದ್ದ ಗುಂಡಿಗೆ ಸೇರಿದ್ದೋ ಎಂದು ಕೇಳುವವರು ಎಷ್ಟು ಮಂದಿ? ಚಿನ್ನದ ಬೆಲೆಯನ್ನು ತಕ್ಕಡಿ ಹೇಳುತ್ತದೆ. ಅದನ್ನು ಹೂಳಿದವರ ಭಯವನ್ನು, ಹೂಳಿದ ಕಾಲವನ್ನು ಹೇಳಬಲ್ಲದ್ದು ಸುತ್ತಲಿನ ಮಣ್ಣು. ಪಾಯದ ಗುದ್ದಲಿ ಮೊದಲು ಚದುರಿಸುವುದು ಆ ಮಣ್ಣನ್ನೇ.

ಇನ್ನು ಕಾನೂನಿನ ಮಾತು. 1878ರ ನಿಧಿ ಶಾಸನದಂತೆ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಕ್ಷೇಪ ಸಿಕ್ಕಿದವರು ಜಿಲ್ಲಾಧಿಕಾರಿಗಳಿಗೆ ತಿಳಿಸತಕ್ಕದ್ದು. 1958ರ ಪುರಾತನ ಸ್ಮಾರಕಗಳ ಅಧಿನಿಯಮಕ್ಕೆ 2010ರಲ್ಲಾದ ತಿದ್ದುಪಡಿಯಂತೆ, ರಾಷ್ಟ್ರೀಯ ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡಕ್ಕೆ ನಿಷೇಧವೂ ಅದರಾಚೆಗಿನ 200 ಮೀಟರಿನಲ್ಲಿ ನಿಯಂತ್ರಣವೂ ಇವೆ. ಮೊದಲನೆಯದು ನಿಧಿಯನ್ನು ಕಾಯುತ್ತದೆ, ಎರಡನೆಯದು ಹೆಸರಾಂತ ಸ್ಮಾರಕವನ್ನು ಕಾಯುತ್ತದೆ. ಬೆಲೆಯಿಲ್ಲದ ಬೋಕಿಯನ್ನೂ ಹೆಸರಿಲ್ಲದ ಹಾಳೂರನ್ನೂ ಇವೆರಡೂ ಕಾಯಲಾರವು. ಲಂಡನ್ ನಗರದಲ್ಲಿ 1989ರಲ್ಲಿ ಕಚೇರಿಯ ಕಟ್ಟಡಕ್ಕೆಂದು ನೆಲ ತೆರವು ಮಾಡಿದಾಗ ಷೇಕ್ಸ್‌ಪಿಯರನ ಕಾಲದ ರೋಸ್ ರಂಗಮಂದಿರದ ತಳಪಾಯ ಕಾಣಿಸಿಕೊಂಡು ದೊಡ್ಡ ವಿವಾದವಾಯಿತು. ಮರುವರ್ಷವೇ, 1990ರಲ್ಲಿ, ಕಟ್ಟಡಕ್ಕೆ ಅನುಮತಿ ಕೊಡುವ ಮುನ್ನ ನೆಲವನ್ನು ಪರೀಕ್ಷಿಸಬೇಕೆಂಬ ಮಾರ್ಗಸೂಚಿ ಇಂಗ್ಲೆಂಡಿನಲ್ಲಿ ಹೊರಟಿತು. ಮನೆಯ ನಕ್ಷೆಗೆ ಒಪ್ಪಿಗೆ ಪಡೆಯುವಂತೆಯೇ ನೆಲದ ಪರೀಕ್ಷೆಯೂ ಅಲ್ಲಿ ವಾಡಿಕೆಯಾಯಿತು.

ನಮ್ಮ ಸೀಮೆಯಲ್ಲಿ ಹೋದದ್ದು ಕಡಿಮೆಯೇನಲ್ಲ. ಹೆಗ್ಗಡದೇವನಕೋಟೆ ತಾಲೂಕಿನ ಕಿತ್ತೂರು ಪುನ್ನಾಟ ರಾಜ್ಯದ ರಾಜಧಾನಿಯಾದ ಕೀರ್ತಿಪುರವೆಂದು ವಿದ್ವಾಂಸರು ಗುರುತಿಸಿದ್ದಾರೆ. ಕ್ರಿ. ಶ. ಎರಡನೆಯ ಶತಮಾನದ ಟಾಲೆಮಿಯು ವೈಡೂರ್ಯ ದೊರೆಯುವ ನಾಡೆಂದು ಪುನ್ನಾಟವನ್ನು ಹೆಸರಿಸಿದ್ದಾನೆ. 1970ರ ದಶಕದಲ್ಲಿ ತುಂಬಿದ ಕಬಿನಿ ಜಲಾಶಯದಲ್ಲಿ ಆ ಹಳೆಯ ಊರಿನ ನೆಲ ಮುಳುಗಿತು. ನೀರಿನಿಂದ ಹೊಲಗಳು ಹಸಿರಾದದ್ದು ನಿಜ. ನೀರಿನ ಕೆಳಗೆ ಸೇರಿದ ಪದರಗಳನ್ನು ಮತ್ತೆ ಓದಲಾಗದೆಂಬುದೂ ಅಷ್ಟೇ ನಿಜ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಸಾಲ ಮಾಡಿ ನಿವೇಶನ ಕೊಂಡ ಬಡವನಿಗೆ ಈ ಶೋಧದಿಂದ ತೊಂದರೆಯಲ್ಲವೆ? ಪಾಯ ತೆಗೆದು, ಕಲ್ಲು ಸಿಮೆಂಟು ತಂದು ಹಾಕಿದ ಮೇಲೆ ಕೆಲಸ ನಿಂತರೆ ಆ ಕುಟುಂಬ ಬೀದಿಗೆ ಬೀಳುತ್ತದೆ ಎಂಬುದು ಸತ್ಯ. ಆ ಭಯದಿಂದಲೇ ಎಷ್ಟೋ ಕಡೆ ಕಂಡದ್ದನ್ನು ರಾತ್ರೋರಾತ್ರಿ ಮುಚ್ಚಿಬಿಡುತ್ತಾರೆ. ಆದ್ದರಿಂದಲೇ ಪರೀಕ್ಷೆ ಮೊದಲು ನಡೆಯಬೇಕು. ಅದರ ವೆಚ್ಚವನ್ನು ಬಡಾವಣೆ ಮಾಡುವವರೂ ಸರ್ಕಾರವೂ ಹೊರಬೇಕು. ನಿವೇಶನ ಹಂಚುವ ಮುನ್ನ ಕೆಲವು ದಿನಗಳ ಅಗೆತ ನಡೆದರೆ ಯಾರ ಮನೆಯೂ ನಿಲ್ಲುವುದಿಲ್ಲ. ನೆಲದ ಮಾತೂ ಉಳಿಯುತ್ತದೆ.

ಕೊನೆಯದಾಗಿ ನಮ್ಮವರಲ್ಲಿಯೇ ಒಂದು ಬಿನ್ನಹ. ನಮ್ಮ ಮಠಮಾನ್ಯಗಳು ಪ್ರಸಾದ ನಿಲಯ, ಪಾಠಶಾಲೆ, ಕಲ್ಯಾಣಮಂಟಪಗಳನ್ನು ಕಟ್ಟುತ್ತಲೇ ಇವೆ. ಹಲವು ಮಠಗಳು ಶತಮಾನಗಳಿಂದ ಜನ ಬಾಳಿದ ನೆಲದ ಮೇಲೆಯೇ ನಿಂತಿವೆ. ಭೂಮಿಪೂಜೆಗೆ ಮುಹೂರ್ತವನ್ನು ಕೇಳುವಂತೆಯೇ, ಜೆಸಿಬಿ ಯಂತ್ರವನ್ನು ಕರೆಸುವ ಮೊದಲು ಇಲಾಖೆಗೋ ವಿಶ್ವವಿದ್ಯಾನಿಲಯದ ಪುರಾತತ್ವ ವಿಭಾಗಕ್ಕೋ ಒಂದು ಕಾಗದ ಬರೆಯುವ ಪದ್ಧತಿಯನ್ನು ನಾವೇ ಆರಂಭಿಸಬಾರದೇಕೆ? ಕಾಯಕಕ್ಕೆ ಇಷ್ಟು ಹಿರಿದಾದ ಸ್ಥಾನವನ್ನು ಕೊಟ್ಟ ಪರಂಪರೆಗೆ ಕಾಯಕದ ಕುರುಹುಗಳನ್ನು ಕಾಯುವ ಹೊಣೆಯೂ ಸೇರಿದೆ.

ಮಡಕೆ ಯಾರದೆಂದು ಕೇಳಿದ ಆ ಹುಡುಗ ಈಗ ಮನೆಮಠ ಕಟ್ಟಿಕೊಂಡ ಸಂಸಾರಿಯಾಗಿರಬೇಕು. ಎಂದಾದರೂ ಎದುರಾದರೆ ಅವನಿಗೆ ಹೇಳಬೇಕಾದ ಉತ್ತರ ನನ್ನಲ್ಲಿಲ್ಲ, ಅದು ರಸ್ತೆಯ ಹಳ್ಳದಲ್ಲಿದೆ. ಮುಂದಿನ ಉಪಾಧ್ಯಾಯನೊಬ್ಬನಾದರೂ ಅಂತಹ ಚೂರನ್ನು ಕೈಗೆ ತೆಗೆದುಕೊಂಡು, "ತಾಳಪ್ಪ, ಕೇಳಿ ನೋಡೋಣ" ಎಂದರೆ ಈ ಬರಹ ಸಾರ್ಥಕ.